ಕಾಕಾನ ಲಾಗೌಟು

"ತಮ್ಮಾ, ನಾ ಈಗ ಹೊರಗ ಬಂದೀನೋ, ಇನ್ನೂ ಒಳಗ ಅದೀನೋ?"

ಈ ಪ್ರಶ್ನೆಯನ್ನು ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕೇಳಿದ್ದರೆ ಯಾರಾದರೂ ಸಮಾಧಾನದಿಂದ ಉತ್ತರ ಹೇಳುತ್ತಿದ್ದರು. ಕೇಳಿದವರು ಅಕೌಂಟ್ಸ್ ಕಾಕಾ. ಅದೂ ಸೋಮವಾರ ಬೆಳಿಗ್ಗೆ, ಚಹಾ ಬರುವುದಕ್ಕೂ ಮೊದಲು. ವಿಷಯ ಮೋಕ್ಷವಲ್ಲ, ಲಾಗೌಟ್ ಬಟನ್ನು.

ಸಿಂಗಲ್ ಸೈನ್-ಆನ್ (ಒಮ್ಮೆ ಲಾಗಿನ್ ಆದರೆ ಎಲ್ಲ ಆ್ಯಪಿಗೂ ಸಾಕು ಎನ್ನುವ ವ್ಯವಸ್ಥೆ) ಹಾಕಿಸಿರಿ ಎಂದು ಗಂಟುಬೀಳುವವರೆಲ್ಲ ಒಳಗೆ ಹೋಗುವ ಸುಖವನ್ನಷ್ಟೇ ವರ್ಣಿಸುತ್ತಾರೆ. ರಜೆ ಅರ್ಜಿಗೊಂದು, ಸಂಬಳದ ಪಟ್ಟಿಗೊಂದು, ಸ್ಟೋರ್ ಇಂಡೆಂಟಿಗೊಂದು ಜಾವಾ ಆ್ಯಪ್ ಇರುವ ಕಚೇರಿಯಲ್ಲಿ ನಡುವೆ ಒಂದು ಕೀಕ್ಲೋಕ್ (ಎಲ್ಲ ಆ್ಯಪಿನ ಪರವಾಗಿ ಪಾಸ್‌ವರ್ಡ್ ಕೇಳುವ ಸರ್ವರ್) ತಂದು ಕೂಡಿಸುವುದು ಕಾಗದದ ಮೇಲೆ ಒಂದು ಸಂಜೆಯ ಕೆಲಸ. ರೆಲ್ಮ್ (ಬಳಸುವವರ ಗುಂಪು) ಒಂದು, ಕ್ಲೈಂಟ್ (ಆ್ಯಪಿಗೊಂದು ನೋಂದಣಿ) ಮೂರು, ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಕಟ್ಟಿದ ಪ್ರತಿ ಆ್ಯಪಿನಲ್ಲಿ ಕ್ಲೈಂಟ್ ಐಡಿ, ಸೀಕ್ರೆಟ್, ಇಶ್ಯೂಅರ್ ಯುಆರ್‌ಐ (ಕೀಕ್ಲೋಕಿನ ವಿಳಾಸ). ಆಯ್ತು.

ಆಗುವುದಿಲ್ಲ. ಕೀಕ್ಲೋಕ್ 17ರಿಂದ ವಿಳಾಸದೊಳಗಿನ '/ಆತ್' ಮಾಯವಾಗಿದೆ; ಹಳೆಯ ಟಿಪ್ಪಣಿ ನೋಡಿ ಬರೆದರೆ 404, ಅಂದರೆ ಅಂಥ ಪುಟವೇ ಇಲ್ಲ. ಇಶ್ಯೂಅರ್ ಕೊನೆಗೆ ಒಂದು ಸ್ಲ್ಯಾಶ್ ಹೆಚ್ಚಿಗೆ ಬಿದ್ದರೆ ಆ್ಯಪ್ ಏಳುವುದೇ ಇಲ್ಲ. ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನಿಲ್ಲಿಸಿ ಎಚ್‌ಟಿಟಿಪಿಎಸ್ಸನ್ನು ಅಲ್ಲಿಗೇ ಮುಗಿಸಿದ್ದರೆ, ಹಿಂದೆ ಆ್ಯಪ್ ಓಡಿಸುವ ಟಾಮ್‌ಕ್ಯಾಟ್ ತಾನು ಬರೀ ಎಚ್‌ಟಿಟಿಪಿ ಎಂದುಕೊಂಡಿರುತ್ತದೆ. ಅದು ಕಳಿಸಿದ ರೀಡೈರೆಕ್ಟ್ ವಿಳಾಸದಲ್ಲಿ (ಲಾಗಿನ್ ಆದ ಮೇಲೆ ಮರಳಬೇಕಾದ ವಿಳಾಸ) ಒಂದು 'ಎಸ್' ಕಡಿಮೆ. 'ಇನ್‌ವ್ಯಾಲಿಡ್ ಪ್ಯಾರಾಮೀಟರ್' ಎಂದು ಕೀಕ್ಲೋಕ್ ಮುಖ ತಿರುಗಿಸುತ್ತದೆ. ಎನ್‌ಜಿನ್‌ಎಕ್ಸಿನಿಂದ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್ ಕಳಿಸಬೇಕು, ಬೂಟ್‌ನಲ್ಲಿ ಫಾರ್ವರ್ಡ್-ಹೆಡರ್ಸ್-ಸ್ಟ್ರಾಟೆಜಿಗೆ 'ಫ್ರೇಮ್‌ವರ್ಕ್' ಎಂದು ಹಾಕಬೇಕು. ಇದನ್ನು ಬಿಟ್ಟು ಕೀಕ್ಲೋಕ್ ಒಪ್ಪುವ ರೀಡೈರೆಕ್ಟ್ ವಿಳಾಸಗಳ ಪಟ್ಟಿಯಲ್ಲಿ ಯಾವ ವಿಳಾಸವಾದರೂ ಸೈ ಎನ್ನುವ ಒಂದು ನಕ್ಷತ್ರ ಚಿಹ್ನೆ ಹೊಡೆದು "ಆತ್ರಿ, ಚಾಲೂ ಆತು" ಎಂದು ಮನೆಗೆ ಹೋಗುವ ಮಹನೀಯರಿದ್ದಾರೆ. ಅವರಿಗೆ ಬೇರೆಯೇ ಲೇಖನ ಬೇಕು.

ಒಂದೇ ಯಂತ್ರದ 8081, 8082 ಎಂಬ ಪೋರ್ಟುಗಳಲ್ಲಿ (ಬಾಗಿಲ ನಂಬರುಗಳಲ್ಲಿ) ಎರಡು ಆ್ಯಪ್ ಓಡಿಸುವವರಿಗೆ ಇನ್ನೊಂದು ಕಾಟ. ಕುಕಿಗೆ (ಬ್ರೌಸರ್ ಇಟ್ಟುಕೊಳ್ಳುವ ಸಣ್ಣ ಟಿಪ್ಪಣಿಗೆ) ಪೋರ್ಟ್ ನಂಬರಿನ ಹಂಗಿಲ್ಲ. ಎರಡೂ ಆ್ಯಪ್ ಜೆಸೆಷನ್‌ಐಡಿ ಎಂಬ ಒಂದೇ ಹೆಸರಿನಲ್ಲಿ ಬರೆದು ಒಂದರದ್ದನ್ನು ಇನ್ನೊಂದು ಅಳಿಸುತ್ತವೆ. ಪಾಸ್‌ವರ್ಡ್ ಸರಿಯಾಗಿಯೇ ಕೊಟ್ಟು ಬಂದವನಿಗೆ 'ಆಥರೈಸೇಷನ್ ರಿಕ್ವೆಸ್ಟ್ ನಾಟ್ ಫೌಂಡ್' ಎಂಬ ಸ್ವಾಗತ. ಎರಡಕ್ಕೂ ಬೇರೆ ಬೇರೆ ಕುಕಿ ಹೆಸರಿಟ್ಟರೆ ಜಗಳ ಮುಗಿಯಿತು.

ಇದೆಲ್ಲ ಹೋಗಲಿ. ಇವು ಎರರ್ ತೋರಿಸುವ ತಪ್ಪುಗಳು, ಲಾಗ್ ನೋಡಿದರೆ ಸಿಗುತ್ತವೆ. ಲಾಗೌಟ್ ಹಾಗಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗಲೇ ಅದು ಕೆಡುತ್ತದೆ.

ಕಾಕಾ ಶಿಸ್ತಿನ ಮನುಷ್ಯ. ಕಪಾಟಿಗೆ ಕೀಲಿ ಹಾಕಿ ಜಗ್ಗಿ ನೋಡುವವರು, ನಾಲ್ಕು ಹೆಜ್ಜೆ ಹೋಗಿ ಹಿಂತಿರುಗಿ ಮತ್ತೊಮ್ಮೆ ಜಗ್ಗುವವರು. ಲಾಗೌಟ್ ಒತ್ತಿದ ಮೇಲೂ ಹಾಗೇ ಜಗ್ಗಿ ನೋಡಿದರು, ಅಂದರೆ ಸಂಬಳದ ಪಟ್ಟಿಯ ಪುಟವನ್ನು ಮತ್ತೆ ತೆರೆದರು. ಪರದೆ ಒಂದು ಕ್ಷಣ ಬೆಳ್ಳಗಾಯಿತು. ಮರುಕ್ಷಣ ಬಲಮೂಲೆಯಲ್ಲಿ ಅವರದೇ ಹೆಸರು, ನಡುವೆ ಇಡೀ ಕಚೇರಿಯ ಸಂಬಳ. ಮತ್ತೆ ಒತ್ತಿದರು, ಮತ್ತೆ ಜಗ್ಗಿದರು. ಮತ್ತೆ ಸಂಬಳ.

"ಪಾಸ್‌ವರ್ಡ್ ಕೇಳಲಿಲ್ಲಲ್ಲೋ. ನನ್ನ ಖುರ್ಚಿ ಮ್ಯಾಲ ಯಾರರೆ ಬಂದು ಕುಂತ್ರ ಅವರಿಗೂ ಕೇಳೂದಿಲ್ಲೇನು?"

ಕೇಳುವುದಿಲ್ಲ. ಕಾಕಾನ ಸಂಶಯ ನೂರಕ್ಕೆ ನೂರು ಖರೆ. ಲಾಗೌಟ್ ಒತ್ತಿದಾಗ ಸತ್ತದ್ದು ಆ ಆ್ಯಪಿನ ಸೆಷನ್ (ಇವರು ಒಳಗಿದ್ದಾರೆ ಎಂಬ ದಾಖಲೆ) ಮಾತ್ರ. ಕೀಕ್ಲೋಕ್ ಇಟ್ಟುಕೊಂಡ ಸೆಷನ್ನಿಗೆ ಸುದ್ದಿಯೇ ಮುಟ್ಟಿಲ್ಲ; ಸೆಟ್ಟಿಂಗ್ ಮುಟ್ಟದಿದ್ದರೆ ಅದು ಸುಮ್ಮನೆ ಬಿಟ್ಟರೂ 30 ನಿಮಿಷ, ಬಳಸುತ್ತಿದ್ದರೆ 10 ಗಂಟೆಯವರೆಗೆ ಬದುಕುತ್ತದೆ. ಪುಟ ತೆರೆದ ಕೂಡಲೇ ಆ್ಯಪ್ ಕೀಕ್ಲೋಕಿಗೆ ಕಳಿಸುತ್ತದೆ, ಕೀಕ್ಲೋಕ್ "ಇವರು ನಮ್ಮವರೇ" ಎಂದು ಮರಳಿ ಕಳಿಸುತ್ತದೆ. ನಮ್ಮ ಕಡೆ ಬೀಗರು "ಬರ್ತೇವ್ರಿ" ಎಂದು ಎದ್ದು, ಹೊಸ್ತಿಲಲ್ಲಿ ಅರ್ಧ ತಾಸು ನಿಂತು ಮಾತಾಡಿ, ಮತ್ತೆ ಒಳಗೆ ಬಂದು ಇನ್ನೊಂದು ಕಪ್ ಚಹಾ ಕುಡಿದ ಹಾಗೆ.

ಮದ್ದಿದೆ. ಸ್ಪ್ರಿಂಗ್‌ನ ಭದ್ರತಾ ಭಾಗವಾದ ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಲಾಗೌಟ್ ಸಕ್ಸೆಸ್ ಹ್ಯಾಂಡ್ಲರ್ ಆಗಿ 'ಓಐಡಿಸಿ ಕ್ಲೈಂಟ್ ಇನಿಶಿಯೇಟೆಡ್ ಲಾಗೌಟ್ ಸಕ್ಸೆಸ್ ಹ್ಯಾಂಡ್ಲರ್' ಹಾಕಬೇಕು. (ಹೆಸರು ಹೇಳಿ ಮುಗಿಸುವಷ್ಟರಲ್ಲಿ ಸೆಷನ್ ತಾನಾಗಿಯೇ ಮುಗಿದೀತು.) ಅದು ಐಡಿ ಟೋಕನ್ (ಲಾಗಿನ್ ಆದಾಗ ಕೀಕ್ಲೋಕ್ ಕೊಟ್ಟ ಗುರುತಿನ ಚೀಟಿ) ಜೊತೆಗಿಟ್ಟು ಕೀಕ್ಲೋಕಿನ ಲಾಗೌಟ್ ವಿಳಾಸಕ್ಕೇ ಕಳಿಸುತ್ತದೆ. ಆ ಮೇಲೆ ಎಲ್ಲಿಗೆ ಮರಳಬೇಕೆಂಬ ವಿಳಾಸವನ್ನು ಕೀಕ್ಲೋಕಿನ ಕ್ಲೈಂಟ್ ಪುಟದಲ್ಲಿ 'ವ್ಯಾಲಿಡ್ ಪೋಸ್ಟ್ ಲಾಗೌಟ್ ರೀಡೈರೆಕ್ಟ್ ಯುಆರ್‌ಐಸ್' ಎಂಬಲ್ಲಾಗಲಿ, ಅದು ಖಾಲಿಯಿದ್ದರೆ ರೀಡೈರೆಕ್ಟ್ ಪಟ್ಟಿಯಲ್ಲಾಗಲಿ ಬರೆಯದಿದ್ದರೆ ಹೊರಗೆ ಹೋಗುವವನಿಗೂ ಎರರ್. ಟೋಕನ್ ಇಲ್ಲದೆ ಬರೀ ಲಿಂಕ್ ಕೊಟ್ಟರೆ ಕೀಕ್ಲೋಕ್ "ಲಾಗೌಟ್ ಆಗುವಿರಾ?" ಎಂದು ಒಂದು ಪುಟ ತೋರಿಸುತ್ತದೆ. ಅದನ್ನೂ ಕಾಕಾ ನೋಡಿದರು: "ಹೊಂಟೀನಿ ಅಂತನ ಒತ್ತಿದ್ರ, ಹೊಂಟೀರೇನು ಅಂತ ಕೇಳ್ತೈತಲ್ಲೋ!"

ಇಷ್ಟಾದರೂ ಪಕ್ಕದ ಟ್ಯಾಬಿನ ಸ್ಟೋರ್ ಇಂಡೆಂಟ್ ಆ್ಯಪ್ ತನ್ನ ಸ್ವಂತ ಸೆಷನ್ ಹಿಡಿದುಕೊಂಡು ಕೂತೇ ಇರುತ್ತದೆ. ಅದಕ್ಕೆ ಬ್ಯಾಕ್-ಚಾನಲ್ ಲಾಗೌಟ್: ಕೀಕ್ಲೋಕ್ ತಾನೇ ಪ್ರತಿ ಆ್ಯಪಿಗೆ ಲಾಗೌಟ್ ಟೋಕನ್ ಕಳಿಸುತ್ತದೆ. ಸ್ಪ್ರಿಂಗ್ ಸೆಕ್ಯುರಿಟಿ 6.2ರಿಂದ ಇದು ಸಿದ್ಧ ಸಿಗುತ್ತದೆ. ಆದರೆ ಕರೆ ಬರುವುದು ಬ್ರೌಸರಿನಿಂದಲ್ಲ, ಕೀಕ್ಲೋಕ್ ಸರ್ವರಿನಿಂದ. ಆ ದಾರಿಯನ್ನು ಫೈರ್‌ವಾಲ್ ಕಟ್ಟಿದ್ದರೆ ಬಳಸುವವರಿಗೆ ಗೊತ್ತೇ ಆಗದಂತೆ ಕೆಲಸ ನಿಲ್ಲುತ್ತದೆ. ಆ್ಯಪ್ ಎರಡು ನೋಡ್ (ಸರ್ವರ್) ಮೇಲೆ ಓಡುತ್ತಿದ್ದರೆ ಸೆಷನ್ ಲೆಕ್ಕ ಆಯಾ ನೋಡಿನ ಮೆಮೊರಿಯಲ್ಲೇ ಇರುತ್ತದೆ. ಟೋಕನ್ ಬೇರೆ ನೋಡಿಗೆ ಹೋದರೆ ಸಾಯಬೇಕಾದ ಸೆಷನ್ ಸಾಯುವುದಿಲ್ಲ. ಎರಡೂ ನೋಡ್ ಹಂಚಿಕೊಳ್ಳುವ ರಿಜಿಸ್ಟ್ರಿಯನ್ನು (ಸೆಷನ್ ಪಟ್ಟಿಯನ್ನು) ನಾವೇ ಬರೆಯಬೇಕು.

ಎಲ್ಲಾ ಕಟ್ಟಿ ಮುಗಿಸಿದ ಮರುದಿನ ಮತ್ತೆ ಕಾಕಾ.

"ರಜಾ ಅರ್ಜಿ ಮುಚ್ಚಿದ್ದಕ್ಕ ಸಂಬಳದ ಪಟ್ಟಿ ಯಾಕ ಹೋತೋ? ಅರ್ಧಾ ತುಂಬಿದ್ನೆಲ್ಲೋ!"

"ಕಾಕಾ, ಈಗ ಎಲ್ಲಾದಕ್ಕೂ ಒಂದ ಬಾಗಲಾರೀ."

"ಹಂಗಾರ ನಿನ್ನೆ ಮುಚ್ಚವಲ್ಲದಾಗಿತ್ತಲ್ಲ, ಅದು ಯಾವ ಬಾಗಲಾ?"

ಇದಕ್ಕೆ ಸ್ಪ್ರಿಂಗ್‌ನ ದಾಖಲೆಗಳಲ್ಲಿ ಉತ್ತರವಿಲ್ಲ. ಒಂದರಿಂದ ಹೊರಬಿದ್ದರೆ ಎಲ್ಲದರಿಂದ ಹೊರಬೀಳಬೇಕೋ ಬೇಡವೋ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬಳಸುವವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಯಾರೂ ಕೇಳುವುದಿಲ್ಲ. ಮೀಟಿಂಗಿನ ತುಂಬ ಲಾಗಿನ್ ಪುಟದ ಬಣ್ಣದ್ದೇ ಚರ್ಚೆ.

ಹೊಸ ವ್ಯವಸ್ಥೆ ಬಂದ ಮೇಲೆ ಕಾಕಾನ ಕಿಸೆಯ ಡೈರಿಗೂ ಕೆಲಸ ಹೋಯಿತು. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕಿದ್ದ ಕಾಲದಲ್ಲಿ ಅವರು ಅದರಲ್ಲಿ ಸಾಲಾಗಿ ಬರೆಯುತ್ತಿದ್ದರು: ಮೊದಲು ಮನೆದೇವರು, ಆಮೇಲೆ ಹಿರೇ ಮಗಳು, ಆಮೇಲೆ ಹೊಲದ ಎತ್ತು, ಮೊಮ್ಮಗಳು ಹುಟ್ಟಿದ ತಿಂಗಳಲ್ಲಿ ಮೂರೂ ಆ್ಯಪಿಗೆ ಮೊಮ್ಮಗಳೇ. ಎತ್ತು ಮಾರಿದ ಮೇಲೂ ಸ್ಟೋರ್ ಇಂಡೆಂಟಿನಲ್ಲಿ ಅದರ ಹೆಸರು ಒಂದು ಅವಧಿ ಉಳಿದಿತ್ತು. ಭದ್ರತೆಯ ಲೆಕ್ಕದಲ್ಲಿ ಅದು ಶುದ್ಧ ಅಪರಾಧ. ಈಗಿನ ಪಾಸ್‌ವರ್ಡಿನಲ್ಲಿ ಯಾರೂ ಇಲ್ಲ, ಬರೀ ಅಂಕಿ, ಚಿಹ್ನೆ.

ಕಾಕಾ ಈಗ ಬಟನ್ ನಂಬುವುದನ್ನೇ ಬಿಟ್ಟಿದ್ದಾರೆ. ಸಂಜೆ ಐದೂವರೆಗೆ ಎದ್ದು, ಗೋಡೆಯ ಬೋರ್ಡಿನ ಮೇನ್ ಸ್ವಿಚ್ಚನ್ನೇ ಕೆಳಗೆ ಮಾಡಿ ಹೋಗುತ್ತಾರೆ. ಸರ್ವರಿನ ವೈರೂ ಅದೇ ಬೋರ್ಡಿನಿಂದ ಬಂದಿದೆ, ಯುಪಿಎಸ್ ಬ್ಯಾಟರಿ ಎಂದೋ ಕೈಕೊಟ್ಟಿದೆ. ಧಾರವಾಡದ ಶಾಖೆಯಲ್ಲಿ ಇಂಡೆಂಟ್ ತುಂಬುತ್ತಿದ್ದವರೂ ಸೇರಿ ಎಲ್ಲರೂ ಒಮ್ಮೆಲೇ ಹೊರಗೆ. ಕೀಕ್ಲೋಕ್ ಸೆಷನ್ನುಗಳನ್ನು ಮೆಮೊರಿಯಲ್ಲೇ ಇಡುತ್ತಿರುವ ತನಕ ಇದಕ್ಕಿಂತ ಪಕ್ಕಾ ಸಿಂಗಲ್ ಲಾಗೌಟ್ ಇನ್ನೊಂದಿಲ್ಲ. 26ನೇ ಆವೃತ್ತಿಯಿಂದ ಮಾತ್ರ ಅದು ಸೆಷನ್ನುಗಳನ್ನು ಡೇಟಾಬೇಸಿಗೇ ಬರೆದಿಡುತ್ತದೆ. ಸರ್ವರ್ ಬಿದ್ದು ಎದ್ದರೂ ಒಳಗಿದ್ದವರು ಒಳಗೇ.

ಮುಂದಿನ ವಾರ 26ಕ್ಕೆ ಏರಿಸುವುದಿದೆ. ಕಾಕಾಗೆ ಇನ್ನೂ ಹೇಳಿಲ್ಲ.