ಮೋರಿ ಕಟ್ಟಿಕೊಂಡರೆ ಕಾರ್ಪೊರೇಟರ್ ಬರಬೇಕಾ?

ಪರ: ಓಟು ಕೇಳಲು ಬಂದ ಬಾಗಿಲಿಗೇ ಬರಲಿ

ಆಗ ನಾವಿದ್ದದ್ದು ಇನ್ನೊಂದು ಊರಲ್ಲಿ. ಹೆಸರು ಬೇಡ. ಮನೆ ಮುಂದಿನ ಒಳಚರಂಡಿ (ಯುಜಿಡಿ) ಚೇಂಬರ್ ಉಕ್ಕಿ ಗೇಟಿನ ತನಕ ಕೊಳಚೆ ನಿಂತಿತ್ತು. ಸಹಾಯವಾಣಿಗೆ ದೂರು ಕೊಟ್ಟೆ. ಮೂರನೇ ದಿನ ಮೊಬೈಲಿಗೆ ಮೆಸೇಜ್ ಬಂತು: 'ನಿಮ್ಮ ದೂರು ಪರಿಹಾರವಾಗಿದೆ.' ಅದನ್ನು ಓದುವಾಗ ಕೊಳಚೆ ದಾಟಲು ಹಾಕಿದ್ದ ಇಟ್ಟಿಗೆ ಮೇಲೆ ನಿಂತಿದ್ದೆ. ಅಮ್ಮನಿಗೆ 78. ಆ ಇಟ್ಟಿಗೆ ಮೇಲೆ ಕಾಲಿಡಲು ಹೆದರಿ ದೇವಸ್ಥಾನಕ್ಕೂ ಹೋಗಿರಲಿಲ್ಲ.

ಪಕ್ಕದ ಮನೆ ಆಂಟಿ ಕಾರ್ಪೊರೇಟರ್ ನಂಬರ್ ಕೊಟ್ಟರು. ಬೆಳಗ್ಗೆ ಆರೂವರೆಗೆ ಫೋನ್ ಮಾಡಿದೆ. ಏಳಕ್ಕೆ ಪಂಚೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು. ಮೂಗು ಮುಚ್ಚಿಕೊಳ್ಳಲಿಲ್ಲ, ಅದು ಇನ್ನೂ ನೆನಪಿದೆ. ಅಲ್ಲಿಂದಲೇ ಎಂಜಿನಿಯರಿಗೆ ಫೋನ್ ಹಚ್ಚಿ, "ಸಾರ್, ನೀವೇ ಬಂದು ನೋಡಿ, ಅಲ್ಲೀತನಕ ನಾನು ಇಲ್ಲೇ ಇರ್ತೀನಿ" ಅಂದರು. ಹನ್ನೊಂದಕ್ಕೆ ಮೋರಿ ಬಿಡಿಸುವ ಜೆಟ್ಟಿಂಗ್ ಮಷಿನ್ ಬಂತು. ಒಳಗಿಂದ ಬಂದದ್ದು ಒಂದು ಸಿಮೆಂಟ್ ಚೀಲ, ನಾಲ್ಕು ತೆಂಗಿನ ಚಿಪ್ಪು. ಅಮ್ಮ ಅವರಿಗೆ ಕಾಫಿ ಕುಡಿಸದೆ ಬಿಡಲಿಲ್ಲ.

ಕಾರ್ಪೊರೇಟರ್ ಬಜೆಟ್ಟು, ಯೋಜನೆ ನೋಡಬೇಕು ಅನ್ನುವವರಿದ್ದಾರೆ. ನೋಡಲಿ ಬಿಡಿ, ಬೇಡ ಅಂದವರ್ಯಾರು? ಎಸಿ ರೂಮಲ್ಲಿ ಕೂತು ನಕ್ಷೆ ನೋಡುವವರು ನಮಗೆ ಬೇಕಾದಷ್ಟು ಇದ್ದಾರೆ ಅಲ್ವಾ. ಬೆಂಗಳೂರನ್ನೇ ನೋಡಿ. 198 ವಾರ್ಡುಗಳ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮುಂದೆ ಐದು ವರ್ಷ ಚುನಾವಣೆಯೇ ಇಲ್ಲ. 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಅಷ್ಟೂ ದಿನ ಆ್ಯಪ್ ಇತ್ತು, ಸಹಾಯವಾಣಿ ಇತ್ತು, ಅಧಿಕಾರಿಗಳಿದ್ದರು. ಬೀದಿಯಲ್ಲಿ ನಿಲ್ಲಿಸಿ ಜಗಳ ಆಡೋಕೆ ವಾರ್ಡಿಗೊಬ್ಬ ಮನುಷ್ಯ ಇರಲಿಲ್ಲ.

ಎಂಜಿನಿಯರಿಗೆ ವರ್ಗ ಆಗುತ್ತದೆ. ಕಾರ್ಪೊರೇಟರ್ ಮಾತ್ರ ನಾಳೆಯೂ ನಮ್ಮ ಅಂಗಡಿಯಲ್ಲೇ ಹಾಲು ತಗೊಳ್ಳಬೇಕು.

ವಿರೋಧ: ಅದು ಅವರ ಕೆಲಸ ಅಲ್ಲ

ನನಗೆ ಈ ಕಡೆ ಬರೆಯಿರಿ ಅಂದಿದ್ದಾರೆ, ಬರೆಯುತ್ತೇನೆ. ಕಾರ್ಪೊರೇಟರಿಗೆ ನಾನೂ ಫೋನ್ ಮಾಡಿದವನೇ.

1976ರ ಮಹಾನಗರ ಪಾಲಿಕೆ ಕಾಯ್ದೆಯ ಪ್ರಕಾರ ಬಜೆಟ್ ಒಪ್ಪುವುದು ಕಾರ್ಪೊರೇಟರ್‌ಗಳ ಕೌನ್ಸಿಲ್, ಕೆಲಸ ಮಾಡಿಸುವುದು ಕಮಿಷನರ್. ಬೆಳಗ್ಗೆಯಿಂದ ಮೋರಿ, ಲೈಟು, ಖಾತಾ ಅಂತ ಓಡಾಡಿದವರು ಮಧ್ಯಾಹ್ನ ಸ್ಥಾಯಿ ಸಮಿತಿಯಲ್ಲಿ ಕೂತು ಫೈಲ್ ಓದುತ್ತಾರಾ? ಸಹಿ ಹಾಕಿ ಎದ್ದು ಬರುತ್ತಾರೆ. ಬೆಂಗಳೂರಿನಲ್ಲಂತೂ ನೀರು, ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಅಲ್ಲಿ ಕಾರ್ಪೊರೇಟರ್ ಕೂಡ ನಮ್ಮ ಹಾಗೆ ಫೋನ್ ಮಾಡುವವರೇ. ಅವರ ಫೋನ್ ಬೇಗ ಎತ್ತುತ್ತಾರೆ, ಅಷ್ಟೆ.

ಇನ್ನೊಂದು. ನಂಬರ್ ಇದ್ದವರಿಗೆ ಮಷಿನ್ ಬರುತ್ತದೆ. ನಮ್ಮ ಬೀದಿ ಕೊನೆಯ ವಠಾರದಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವರಿದ್ದಾರೆ. ಅವರ ಓಟು ಊರಲ್ಲಿ. ಅವರಿಗೆ ಯಾರ ಮನೆ ಆಂಟಿ ನಂಬರ್ ಕೊಡುತ್ತಾರೆ?

ಇಂಥದ್ದಕ್ಕೆಲ್ಲ ವಾರ್ಡ್ ಸಮಿತಿ ಅಂತ ಇದೆ. ಇಡೀ ವಾರ್ಡಿನ ಮಾತು ಅಲ್ಲಿ ಆಗಬೇಕು. ಒಂದು ಸಲ ಹೋಗಿದ್ದೆ. ಬಂದವರು ಒಂಬತ್ತು ಜನ. ಎಂಟು ಜನ ತಮ್ಮ ತಮ್ಮ ಮನೆ ಮುಂದಿನ ಗುಂಡಿ ಬಗ್ಗೆ ಮಾತಾಡಿದರು. ಒಂಬತ್ತನೆಯವನು ನಾನು. ನಮ್ಮ ಬೀದಿ ದೀಪದ ಬಗ್ಗೆ ಕೇಳಿ ಬಂದೆ.