ನೆಹರು ಗಂಜಿಗೆ ಬಂತು ಕೊಡ್ಯಾಕ್ ಕಥೆ

ತೊಗರಿ ರಾಶಿ ಮುಗಿದು ನೆಹರು ಗಂಜಿನಲ್ಲಿ, ಅಂದರೆ ಇಲ್ಲಿನ ಧಾನ್ಯದ ಮಾರುಕಟ್ಟೆಯಲ್ಲಿ, ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಲಬುರಗಿಗೆ ಸಲಹೆಗಾರರೂ ಬರುತ್ತಾರೆ. ಹೊಸ ತಂತ್ರಜ್ಞಾನ ನಿಮ್ಮ ಧಂದೆಯನ್ನೇ ನುಂಗುತ್ತೆ, ಅಷ್ಟರೊಳಗೆ ಅದರಿಂದ ಲಾಭ ಮಾಡ್ಕೊಳ್ಳಿ, ದಾರಿ ನಾವು ತೋರಿಸ್ತೀವಿ ಅನ್ನೋದು ಅವರ ವ್ಯಾಪಾರ. ಹೋಟೆಲಿನ ಎಸಿ ಹಾಲ್, ಕೊರಳಿಗೆ ಬ್ಯಾಡ್ಜ್, ಕೈಗೊಂದು ಪೆನ್ನು. ಊಟ ಮಾತ್ರ ಚೆನ್ನಾಗಿರುತ್ತೆ, ಸುಳ್ಳು ಹೇಳಬಾರದು.

ಮೊದಲ ಸ್ಲೈಡಿನಲ್ಲಿ ಕೊಡ್ಯಾಕ್ ಇರಲೇಬೇಕು. 1975ರಲ್ಲಿ ತನ್ನ ಎಂಜಿನಿಯರೇ ಮಾಡಿದ ಡಿಜಿಟಲ್ ಕ್ಯಾಮೆರಾವನ್ನು ಮೂಲೆಗಿಟ್ಟು, 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಫಿಲ್ಮ್ ಕಂಪನಿ. ಎರಡನೇ ಸ್ಲೈಡು ಉಬರ್. ಸಣ್ಣ ಹೊಸಬರು ಬಂದು ದೊಡ್ಡ ಕಂಪನಿಗಳನ್ನು ಬುಡಮೇಲು ಮಾಡ್ತಾರೆ ಅನ್ನೋ ‘ಡಿಸ್ರಪ್ಷನ್’ ಸಿದ್ಧಾಂತ ಕಟ್ಟಿದ ಹಾರ್ವರ್ಡಿನ ಕ್ಲೇಟನ್ ಕ್ರಿಸ್ಟೆನ್ಸನ್ ಅವರೇ, ಉಬರ್ ತಮ್ಮ ಸಿದ್ಧಾಂತಕ್ಕೆ ಹೊಂದೋದಿಲ್ಲ ಅಂತ 2015ರಲ್ಲಿ ಬರೆದಿದ್ದರು. ಆ ಸುದ್ದಿ ಸ್ಲೈಡಿಗೆ ಇನ್ನೂ ಮುಟ್ಟಿಲ್ಲ. ಹೊಸದನ್ನು ಒಪ್ಪೋಕೆ ಕಂಪನಿಗಳು ಎಷ್ಟು ತಡ ಮಾಡ್ತಾವೆ ನೋಡಿ!

ಆಮೇಲೆ ಎಐ. "ನಾಳೆ ಕ್ಯಾಮೆರಾನೇ ಕಾಳು ನೋಡಿ ಆರಿಸುತ್ತೆ" ಅಂದಾಗ ಮಿಲ್ಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅವರ ಮಿಲ್ಲಿನಲ್ಲಿ ಕಾಳು ಆರಿಸೋ ಸಾರ್ಟೆಕ್ಸ್ ಯಂತ್ರ ಕೂತು ಎಷ್ಟೋ ವರ್ಷವಾಯ್ತು. ಬೇಳೆ ಸಾಲಾಗಿ ಜಾರುತ್ತೆ, ಕ್ಯಾಮೆರಾ ನೋಡುತ್ತೆ, ಕಪ್ಪು ಕಾಳು ಕಂಡ ಕೂಡಲೇ ಗಾಳಿ ಫಟ್ ಅಂತ ಹೊಡೆದು ಆಚೆ ತಳ್ಳುತ್ತೆ. ಅದನ್ನು ತರಿಸೋಕೆ ಯಾರ ಸಲಹೆಯೂ ಬೇಕಾಗಿರಲಿಲ್ಲ. ಪಕ್ಕದ ಮಿಲ್ಲಿನವನು ತಂದ, ಅವನ ಬೇಳೆಗೆ ರೇಟು ಜಾಸ್ತಿ ಬಂತು, ಇವರೂ ತಂದರು. ಕಾಳು ಆರಿಸೋಕೆ ಬರ್ತಿದ್ದ ಹೆಂಗಸರು ಮನೆಗೆ ಹೋದರು. ಅವರ ಬಗ್ಗೆ ಮಾತ್ರ ಒಂದು ಸ್ಲೈಡೂ ಇಲ್ಲ.

ಧಂದೆ ಬುಡಮೇಲಾಗೋದನ್ನು ಇಲ್ಲಿನವರಿಗೆ ಕಲಿಸಬೇಕಾ? 2021ರ ಮೇ ತಿಂಗಳಲ್ಲಿ ದಿಲ್ಲಿಯಿಂದ ಒಂದು ಹಾಳೆ ಬಂತು, ತೊಗರಿ ಆಮದು ಮುಕ್ತವಾಯ್ತು. ಅವತ್ತಿನಿಂದ ಮೊಜಾಂಬಿಕ್‌ನಲ್ಲಿ ತೊಗರಿ ಹಡಗು ಹೊರಟರೆ ಗಂಜಿನಲ್ಲಿ ಎದೆ ಡವಡವ. 2022ರಲ್ಲಿ ನೆಟೆ ರೋಗ ಬಂದು ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗಿತು. ಇದಕ್ಕೆ ಸಲಹೆಗಾರರ ಹತ್ತಿರ ಮದ್ದಿದೆ: ಬ್ಲಾಕ್‌ಚೈನ್, ಅಂದರೆ ಸುಲಭಕ್ಕೆ ತಿದ್ದೋಕಾಗದ ಡಿಜಿಟಲ್ ಲೆಕ್ಕದ ಪುಸ್ತಕ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಈ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆಯಲ್ಲ, ಇನ್ನು ಚೀಲಕ್ಕೊಂದು ಕ್ಯೂಆರ್ ಕೋಡ್ ಅಂಟಿಸಿದರೆ ಬೆಂಗಳೂರಿನ ಗ್ರಾಹಕ ಮೊಬೈಲಿನಲ್ಲಿ ಹೊಲವನ್ನೇ ನೋಡಬಹುದಂತೆ. ಒಣಗಿದ ಹೊಲವನ್ನೂ ನೋಡಬಹುದು, ಅದೇನು ಕಡಿಮೆ ಸೌಲಭ್ಯನಾ?

ಕೊನೆಗೆ ಫೀಜಿನ ಮಾತು. ಅರ್ಧ ಮುಂಗಡ, ಉಳಿದದ್ದು ವರದಿ ಕೊಟ್ಟ ದಿನ, ಮೇಲೆ ಶೇ 18 ಜಿಎಸ್‌ಟಿ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ದಲಾಲರೊಬ್ಬರು ಎದ್ದರು.

"ಸರ, ನಾವೂ ರೈತರಿಗಿ ಸಲಹಾ ಕೊಡ್ತೀವ್ರಿ. ಇವತ್ತ ಮಾರು, ನಾಳಿ ಮಾರು ಅಂತ. ಮಾಲ್ ಹೋದ ಮ್ಯಾಲೇ ನಮಗ ಕಮಿಷನ್. ನಿಮ್ಮದೂ ಹಂಗೇ ಇಟ್ಕೋರಿ. ನಮಗ ಲಾಭ ಆಗ್ಲಿ, ಅದರಾಗ ನಿಮ್ಮ ಪಾಲು ತಗೋರಿ."

ಕೋಟು ಹಾಕಿದ ಹುಡುಗ ಲ್ಯಾಪ್‌ಟಾಪ್ ನೋಡಿದ. ಅವನ ಮೇಲಿನವರು ನಕ್ಕು, ಲಾಭದ ಜವಾಬ್ದಾರಿ ನಾವು ತಗೊಳ್ಳೋದಿಲ್ಲ, ಅದರಲ್ಲಿ ರಿಸ್ಕ್ ಜಾಸ್ತಿ ಅಂದರು.