ಒಬ್ರೀ ಕಥೆ ವಾಷಿಂಗ್ ಮಷೀನಿಗೇ ಮುಗಿಯಲ್ಲ ಸ್ವಾಮಿ

ಮತ್ತೆ ಅದೇ ರೀಲು. ವಾಷಿಂಗ್ ಮಷೀನ್ ಬಿಚ್ಚಿ ಸೈಕಲ್ ಮಾಡಿ ವಿಶ್ವದಾಖಲೆ ಮುರಿದ ಸ್ಕಾಟ್ಲೆಂಡಿನ ಬಡ ಹುಡುಗ, ಹಿನ್ನೆಲೆಯಲ್ಲಿ ಪಿಟೀಲು, ಕೊನೆಗೆ ‘ಮನಸಿದ್ದರೆ ಮಾರ್ಗ’. ಟ್ರ್ಯಾಕ್ ಸೈಕ್ಲಿಂಗ್ (ಓರೆ ಟ್ರ್ಯಾಕಿನಲ್ಲಿ ಸುತ್ತೋ ಸೈಕಲ್ ರೇಸು) ಅಂದರೆ ನನ್ನ ತಲೆ ನಿಲ್ಲಲ್ಲ ಅಂತ ಗೊತ್ತಿದ್ದೂ ಕಳಿಸಿದ್ದೀರಿ, ಈಗ ಅನುಭವಿಸಿ.

ಆ ಹುಡುಗ, ಗ್ರೇಮ್ ಒಬ್ರೀ, ಆ ಮಷೀನಿಂದ ತೆಗೆದದ್ದು ಬೇರಿಂಗ್ ಮಾತ್ರ. ನಿಮಿಷಕ್ಕೆ 1200 ಸುತ್ತು ತಿರುಗೋ ಯಂತ್ರದ ಬೇರಿಂಗ್ ಗಟ್ಟಿ ಇರಲೇಬೇಕು ಅನ್ನೋ ಲೆಕ್ಕ. ಅಸಲಿ ಬುದ್ಧಿ ಖರ್ಚಾಗಿದ್ದು ಬೇರೆ ಕಡೆ. ಎರಡು ಪೆಡಲ್ ಹತ್ತಿರ ಬಂದಷ್ಟೂ ಕಾಲು ನಡೆಯುವಾಗಿನ ಹಾಗೆ ನೆಟ್ಟಗೆ ತುಳಿಯುತ್ತೆ ಅಂತ ಬಾಟಮ್ ಬ್ರಾಕೆಟ್ಟನ್ನು (ಪೆಡಲ್ ಅಚ್ಚು ಕೂರೋ ಜಾಗ) ಕಿರಿದು ಮಾಡಿದ. ಕಿರಿದಾದರೆ ಮೊಣಕಾಲು ಟಾಪ್ ಟ್ಯೂಬಿಗೆ, ಅಂದರೆ ಸೀಟಿನಿಂದ ಹ್ಯಾಂಡಲ್ ಕಡೆಗೆ ಹೋಗೋ ಮೇಲಿನ ಕೊಳವೆಗೆ, ಬಡಿಯುತ್ತೆ. ಟಾಪ್ ಟ್ಯೂಬನ್ನೇ ಕಿತ್ತು ಹಾಕಿದ. ಹ್ಯಾಂಡಲ್ಲನ್ನು ಎದೆಯ ಹತ್ತಿರ ತಂದು, ತೋಳು ಮಡಚಿ ಎದೆಯಡಿ ಸೇರಿಸಿ, ಮೈ ಮುಂದಕ್ಕೆ ಬಾಗಿಸಿ ಕೂತ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಶಕ್ತಿಯ ಬಹುಪಾಲು ಹೋಗೋದೇ ಗಾಳಿ ಸೀಳೋಕೆ, ಅದರಲ್ಲೂ ಸೈಕಲ್ಲಿಗಿಂತ ಸವಾರನ ಮೈಯೇ ಹೆಚ್ಚು ಅಡ್ಡ. ತೋಳು ಮರೆಯಾದರೆ ಅಷ್ಟು ಲಾಭ. ತೊಂದರೆಯೂ ಇದೆ: ಭಾರವೆಲ್ಲ ಮುಂದಿನ ಚಕ್ರದ ಮೇಲೆ, ತಿರುಗಿಸೋ ಹಿಡಿತ ಕಮ್ಮಿ, ನಿಂತಲ್ಲಿಂದ ಹೊರಡೋದು ಕಷ್ಟ. ರಸ್ತೆಗಿಳಿದರೆ ಅಪಾಯ. ವೆಲೊಡ್ರೋಮಿನಲ್ಲಿ, ಅಂದರೆ ಸೈಕಲ್ ಟ್ರ್ಯಾಕಿನಲ್ಲಿ, ಒಬ್ಬನೇ ಸುತ್ತೋವಾಗ ನಡೆಯುತ್ತೆ.

1993ರ ಜುಲೈ, ನಾರ್ವೆಯ ಹಾಮಾರ್. ಗುರಿ ‘ಅವರ್ ರೆಕಾರ್ಡ್’: ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಹೋಗ್ತಾನೆ ಅನ್ನೋ ದಾಖಲೆ. 16ರಂದು, ಅದೇ ಮಾದರಿಯಲ್ಲಿ ಬೇರೆಯವರು ಚೆಂದಕ್ಕೆ ಕಟ್ಟಿಕೊಟ್ಟ ಸೈಕಲ್ಲಿನ ಮೇಲೆ ಸೋತ. ಕಾಲು ಸೆಟೆಯಬಾರದು ಅಂತ ರಾತ್ರಿ ಹೊಟ್ಟೆ ತುಂಬ ನೀರು ಕುಡಿದು ಮಲಗಿದ, ಮೂತ್ರಕ್ಕೆ ಎದ್ದಾಗಲೆಲ್ಲ ಸ್ಟ್ರೆಚಿಂಗ್. 17ರ ಬೆಳಗ್ಗೆ ತನ್ನ ಹಳೇ ಸೈಕಲ್ಲಲ್ಲೇ ಒಂದು ಗಂಟೆಗೆ 51.596 ಕಿ.ಮೀ. ಇಟಲಿಯ ಫ್ರಾನ್ಸೆಸ್ಕೊ ಮೋಸರ್ 1984ರಲ್ಲಿ ಮಾಡಿದ್ದ 51.151 ಹೋಯ್ತು. ಇದನ್ನು ಜುಗಾಡ್ ಅಂತೀರಲ್ಲ!

ರೀಲು ನಿಲ್ಲೋದು ಇಲ್ಲೇ. ನನ್ನ ಸಿಟ್ಟೂ ಇಲ್ಲೇ.

ಆರೇ ದಿನಕ್ಕೆ ಇಂಗ್ಲೆಂಡಿನ ಸವಾರ ಕ್ರಿಸ್ ಬೋರ್ಡ್‌ಮನ್ 52.270 ಹೊಡೆದ. 1994ರ ಏಪ್ರಿಲ್‌ನಲ್ಲಿ ಒಬ್ರೀ 52.713 ಮಾಡಿ ವಾಪಸ್ ಪಡೆದ. ಆಗ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ನಿಯಮವನ್ನೇ ಬದಲಿಸಿ ಆ ಭಂಗಿಗೆ ನಿಷೇಧ ಹಾಕಿತು. ಆತ ತೋಳನ್ನು ಉದ್ದಕ್ಕೆ ಮುಂದೆ ಚಾಚೋ ‘ಸೂಪರ್‌ಮ್ಯಾನ್’ ಭಂಗಿ ತಂದು 1995ರಲ್ಲಿ ಮತ್ತೆ ಪರ್ಸೂಟ್ (ಟ್ರ್ಯಾಕಿನ ಎದುರುಬದುರು ಕಡೆಯಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟೋ ರೇಸು) ವಿಶ್ವಚಾಂಪಿಯನ್ ಆದ. ಆಮೇಲೆ ಅದಕ್ಕೂ ನಿಷೇಧ. ನಡುವೆ ಒಂದು ಫ್ರೆಂಚ್ ವೃತ್ತಿಪರ ತಂಡ ಸೇರಿಸಿಕೊಂಡು, ರೇಸಿಗೆ ಇಳಿಯೋ ಮೊದಲೇ ಹೊರಗೆ ಹಾಕಿತು. ಡೋಪಿಂಗ್ ಒಲ್ಲೆ ಅಂದಿದ್ದೇ ಕಾರಣ ಅಂತ ಆತನೇ ಹೇಳಿದ್ದಾನೆ. ಟ್ರ್ಯಾಕಿನವರಿಗೂ ಬೇಡ, ರಸ್ತೆಯವರಿಗೂ ಬೇಡ.

ಒಳಗಿನ ಕಥೆ ಇನ್ನೂ ಭಾರ. ಗೆಲುವಿನ ಆಸೆಗಿಂತ ಸೋಲಿನ ಭಯವೇ ಪೆಡಲ್ ತುಳಿಸುತ್ತಿತ್ತು ಅಂದಿದ್ದಾನೆ. ವರ್ಷಗಟ್ಟಲೆ ಖಿನ್ನತೆ, ಸಾವಿನಂಚಿಗೆ ಹೋಗಿ ಬಂದದ್ದು, ಎಲ್ಲವನ್ನೂ ಬಿಚ್ಚಿ ಹೇಳಿದ್ದಾನೆ. ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ದಾಖಲೆಯಾಗಿ 18 ವರ್ಷದ ಮೇಲೆ. ಪಿಟೀಲು ಬಾರಿಸೋರಿಗೆ ಇದ್ಯಾವುದೂ ಬೇಡ, ಬೇರಿಂಗ್ ಸಾಕು. ಬೇರಿಂಗ್ ವಿಷಯ ಬಾಯಿಬಿಟ್ಟಿದ್ದಕ್ಕೆ ಆತನೇ ಆಮೇಲೆ ಪಶ್ಚಾತ್ತಾಪಪಟ್ಟ, ಯಾಕಂದ್ರೆ ಪತ್ರಕರ್ತರು ಮೊದಲು ಕೇಳ್ತಿದ್ದದ್ದೇ ಅದನ್ನ.

‘ನಿಯಮ ಇಲ್ಲದಿದ್ದರೆ ಯಂತ್ರ ಗೆಲ್ಲುತ್ತೆ, ಮನುಷ್ಯ ಅಲ್ಲ’ ಅಂತ ಒಬ್ಬ ಗೆಳೆಯರು ಕಾಮೆಂಟ್ ಹಾಕ್ತಾರೆ, ಗೊತ್ತು. ಒಪ್ಪೋಣ. 2000ದಲ್ಲಿ ಯುಸಿಐ ಗಡಿಯಾರ ಹಿಂದೆ ತಿರುಗಿಸಿ, ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮಾಡಿದ 49.431ನ್ನೇ ಅಳತೆ ಅಂತ ಇಟ್ಟಿತು, ಸೈಕಲ್ಲೂ ಆ ಕಾಲದ ಬಗೆಯದೇ ಬೇಕು ಅಂತು. ಒಬ್ರೀದೆಲ್ಲ ಬೇರೆ ಪಟ್ಟಿಗೆ. 2014ರಲ್ಲಿ ಅದೇ ಯುಸಿಐ ಆಧುನಿಕ ಪರ್ಸೂಟ್ ಸೈಕಲ್ಲಿಗೆ ಬಾಗಿಲು ತೆಗೆಯಿತು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿ.ಮೀ. ಹೋಗಿದ್ದು 3ಡಿ ಪ್ರಿಂಟ್ ಮಾಡಿದ ಸೈಕಲ್ ಮೇಲೆ. ಕಂಪನಿ ಪ್ರಿಂಟ್ ಮಾಡಿದರೆ ತಂತ್ರಜ್ಞಾನ, ಒಬ್ಬನೇ ಕೂತು ವೆಲ್ಡ್ ಮಾಡಿದರೆ ಅಕ್ರಮ. ಗನ್ನಾ ಮೇಲೆ ನನಗೇನೂ ಕೋಪ ಇಲ್ಲ, ಮನುಷ್ಯ ಅದ್ಭುತ.

ಒಬ್ರೀ 2013ರಲ್ಲಿ, ಸುಮಾರು 48ರ ವಯಸ್ಸಲ್ಲಿ, ತಾನೇ ಕಟ್ಟಿದ ‘ಬೀಸ್ಟಿ’ ಅನ್ನೋ ಸೈಕಲ್ಲಲ್ಲಿ ತಲೆ ಮುಂದೆ ಮಾಡಿ ಬೋರಲು ಮಲಗಿ, ಅಮೆರಿಕದ ನೆವಾಡಾದಲ್ಲಿ ಗಂಟೆಗೆ 91 ಕಿ.ಮೀ. ವೇಗ ಮುಟ್ಟಿದ. ಆ ಭಂಗಿಯಲ್ಲಿ ಆಗ ಅದು ವಿಶ್ವದಾಖಲೆಯಾಗಿತ್ತು. ರೀಲು ಮಾಡೋರು ಅದನ್ನೂ ಒಮ್ಮೆ ಹುಡುಕಿ ನೋಡಲಿ.